ದುಡಿಯುವ ಕೈ ಹೆಚ್ಚಾಗಿವೆ ಅಂತಾರೆ, ಮತ್ತೆ ನನ್ನ ಹೊಲಕ್ಕೆ ಆಳು ಯಾಕೆ ಸಿಗಲ್ಲ?

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನವನು. ನಾಲ್ಕು ಎಕರೆ ಹೊಲ ಇದೆ, ಗೋವಿನಜೋಳ ಮತ್ತು ಹತ್ತಿ ಹಾಕುತ್ತೇವೆ. ಭಾರತದಲ್ಲಿ ದುಡಿಯುವ ವಯಸ್ಸಿನವರು ಹೆಚ್ಚುತ್ತಿದ್ದಾರೆ, ಇದು ದೇಶಕ್ಕೆ ದೊಡ್ಡ ಲಾಭ ಅಂತ ಟಿವಿಯಲ್ಲಿ ಹೇಳುತ್ತಾರೆ. ಆದರೆ ನಮ್ಮೂರ ಶಾಲೆಯಲ್ಲಿ ಮಕ್ಕಳೇ ಕಡಿಮೆ ಆಗಿದ್ದಾರೆ. ಹೊಲಕ್ಕೆ ಆಳು ಸಿಗುತ್ತಿಲ್ಲ. ಮಗ ಬಿ.ಎ. ಮುಗಿಸಿ ಐದು ವರ್ಷದಿಂದ ಧಾರವಾಡದಲ್ಲಿ ಪರೀಕ್ಷೆಗಳಿಗೆ ಓದುತ್ತಿದ್ದಾನೆ, ಈಗ 28 ವರ್ಷ, ಇನ್ನೂ ಕೆಲಸ ಇಲ್ಲ. ಜನ ಜಾಸ್ತಿ ಇದ್ದರೆ ಆಳು ಯಾಕೆ ಇಲ್ಲ? ಕೆಲಸ ಇದ್ದರೆ ಮಗನಿಗೆ ಯಾಕೆ ಸಿಗಲ್ಲ? ಯಾರು ಹೇಳೋದು ಸುಳ್ಳು? ಮಗಳು ಡಿಪ್ಲೊಮಾ ಮುಗಿಸಿ ಮನೆಯಲ್ಲೇ ಇದ್ದಾಳೆ, ಈ ವರ್ಷ ಮದುವೆ ಮಾಡಬೇಕು.

ಉತ್ತರ:

ನಮಸ್ಕಾರ ರೀ. ಮೊದಲೇ ಹೇಳಿಬಿಡುತ್ತೇನೆ, ಯಾರೂ ಸುಳ್ಳು ಹೇಳುತ್ತಿಲ್ಲ. ಟಿವಿಯವರು ಎಣಿಸೋದು ವಯಸ್ಸನ್ನು, ನೀವು ಹುಡುಕೋದು ಆಳನ್ನು, ನಿಮ್ಮ ಮಗ ಹುಡುಕೋದು ನೌಕರಿಯನ್ನು. ಮೂರೂ ಬೇರೆ ಬೇರೆ ಸಾಮಾನು, ಒಂದೇ ಅಂಗಡಿಯಲ್ಲಿ ಸಿಗೋದಿಲ್ಲ.

ದುಡಿಯುವ ವಯಸ್ಸು ಅಂದರೆ 15ರಿಂದ 64. ನಮ್ಮ ಸರ್ಕಾರದ ಕೆಲವು ಲೆಕ್ಕಗಳಲ್ಲಿ 59ಕ್ಕೇ ನಿಲ್ಲಿಸುತ್ತಾರೆ. ಅಷ್ಟೇ ಅದರ ಅರ್ಥ. ಆ ವಯಸ್ಸಿನವನು ಹೊಲದಲ್ಲಿದ್ದಾನಾ, ಕಟ್ಟೆ ಮೇಲೆ ಕೂತು ಮೊಬೈಲ್ ನೋಡುತ್ತಿದ್ದಾನಾ ಅಂತ ಆ ಲೆಕ್ಕ ಕೇಳೋದೇ ಇಲ್ಲ. ವಿಶ್ವಸಂಸ್ಥೆಯ 2023ರ ವರದಿ ಪ್ರಕಾರ ಭಾರತದಲ್ಲಿ ನೂರಕ್ಕೆ 68 ಜನ ಈ ಗುಂಪಿನವರು. 25 ಜನ ಮಕ್ಕಳು, 7 ಜನ 65 ದಾಟಿದವರು. ಒಟ್ಟು 142 ಕೋಟಿ ಜನರಲ್ಲಿ ಸುಮಾರು 97 ಕೋಟಿ ದುಡಿಯುವ ವಯಸ್ಸಿನವರು. ಈ 97 ಕೋಟಿಯಲ್ಲಿ ನಿಮ್ಮ ಮಗ ಇದ್ದಾನೆ, ಮಗಳೂ ಇದ್ದಾಳೆ, ನೀವೂ ಇದ್ದೀರಿ.

ಈಗ ಶಾಲೆಯ ವಿಷಯ. ಮಕ್ಕಳು ಕಡಿಮೆ ಆಗುತ್ತಿರುವಾಗ ದುಡಿಯುವವರು ಹೆಚ್ಚುವುದು ಹೇಗೆ ಅಂತ ನಿಮ್ಮ ಅನುಮಾನ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗಿದ್ದೀರಲ್ಲ, ಅದನ್ನೇ ನೆನಪು ಮಾಡಿಕೊಳ್ಳಿ. ಜ್ಯುಬಿಲಿ ಸರ್ಕಲ್‌ನಲ್ಲಿ ನೂಕುನುಗ್ಗಲಿನಲ್ಲಿ ಜನ ಹತ್ತುತ್ತಾರೆ. ನವಲೂರಿನಲ್ಲಿ ಹತ್ತುವವರು ನಾಲ್ಕೇ ಜನ, ಉಣಕಲ್‌ನಲ್ಲಿ ಇಬ್ಬರು. ಆದರೂ ಬಸ್ಸಿನೊಳಗೆ ಕಾಲಿಡಲು ಜಾಗ ಇಲ್ಲ, ಯಾಕೆಂದರೆ ಹಿಂದೆ ಹತ್ತಿದವರು ಯಾರೂ ಇನ್ನೂ ಇಳಿದಿಲ್ಲ. ಅವರೆಲ್ಲ ಇಳಿಯೋದು ಹೊಸೂರು ಬಂದ ಮೇಲೆ. ನಿಮ್ಮೂರ ಶಾಲೆ ಉಣಕಲ್ ಸ್ಟಾಪು. ದೇಶದ ದುಡಿಯುವ ಜನಸಂಖ್ಯೆ ಆ ತುಂಬಿದ ಬಸ್ಸು. ಇವತ್ತು 30-40 ವಯಸ್ಸಿನಲ್ಲಿರುವವರು ಹುಟ್ಟಿದ್ದು ಮನೆಗೆ ಮೂರು-ನಾಲ್ಕು ಮಕ್ಕಳಿದ್ದ ಕಾಲದಲ್ಲಿ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಒಬ್ಬ ಹೆಂಗಸಿಗೆ ಸರಾಸರಿ 3.4 ಮಕ್ಕಳು. 2019-21ರ ಸಮೀಕ್ಷೆಗೆ ಬರುವ ಹೊತ್ತಿಗೆ ಅದು 2.0. ಕರ್ನಾಟಕದಲ್ಲಿ ಇನ್ನೂ ಕಡಿಮೆ, 1.7.

ಬರೀ ತಲೆ ಹೆಚ್ಚಾದರೆ ಲಾಭ ಎಲ್ಲಿಂದ ಬರುತ್ತದೆ ಅಂತ ನೀವು ಕೇಳಬಹುದು. ನಮ್ಮ ಮನೆಯದೇ ಲೆಕ್ಕ ಕೊಡುತ್ತೇನೆ. ನಮ್ಮೂರು ಗದಗ ತಾಲ್ಲೂಕಿನ ಮುಳಗುಂದದ ಕಡೆ. 1975ರಲ್ಲಿ ಮನೆಯಲ್ಲಿ ಅಜ್ಜ, ಅಜ್ಜಿ, ಅಪ್ಪ, ಅವ್ವ, ಕಾಕಾ ಮತ್ತು ನಾವು ಏಳು ಮಕ್ಕಳು. ಹನ್ನೆರಡು ಜನ. ದುಡಿಯುವ ವಯಸ್ಸಿನವರು ಮೂರೇ ಮೂರು, ಅಂದರೆ ಒಬ್ಬೊಬ್ಬರ ಹೆಗಲ ಮೇಲೆ ಇನ್ನೂ ಮೂರು ಮೂರು ಹೊಟ್ಟೆ. ಅವ್ವ ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಮುಂದೆ ಕೂತರೆ ಐವತ್ತು ರೊಟ್ಟಿ ಬಡಿದೇ ಏಳುತ್ತಿದ್ದಳು. ಬುಟ್ಟಿ ಮಧ್ಯಾಹ್ನಕ್ಕೆ ಖಾಲಿ. ಅಪ್ಪನ ಕೈಗೆ ಬಂದದ್ದೆಲ್ಲ ಹೊಟ್ಟೆಗೇ ಹೋಗುತ್ತಿತ್ತು, ಒಂದು ಎತ್ತು ಸತ್ತರೆ ಸಾಲ, ಒಂದು ಮದುವೆ ಬಂದರೆ ಸಾಲ. ಈಗ ಅದೇ ಮನೆಯಲ್ಲಿ ಅಣ್ಣ, ವೈನಿ, ಅವರ ಮಗ, ಸೊಸೆ, ಒಂದು ಮೊಮ್ಮಗು, ಮತ್ತೆ ಅವ್ವ. ದುಡಿಯುವ ವಯಸ್ಸಿನವರು ನಾಲ್ಕು, ಕೂತು ಉಣ್ಣುವವರು ಎರಡು. ಒಬ್ಬರ ಮೇಲೆ ಅರ್ಧ ಹೊಟ್ಟೆ. ಉಳಿದ ದುಡ್ಡಿನಲ್ಲಿ ಬೋರ್‌ವೆಲ್ ಹಾಕಿಸಿದರು, ಮಗನನ್ನು ಓದಿಸಿದರು. ಹೊಲ ಅಷ್ಟೇ ಇದೆ, ಮಳೆ ಮೊದಲಿಗಿಂತ ಚೆನ್ನಾಗಿ ಏನೂ ಆಗುತ್ತಿಲ್ಲ. ಬದಲಾಗಿದ್ದು ಈ ಭಾಗಾಕಾರ ಒಂದೇ ಅಂದರೂ ನಡೆಯುತ್ತದೆ.

ಇದನ್ನೇ ಇಡೀ ದೇಶಕ್ಕೆ ಹಿಗ್ಗಿಸಿದರೆ ಅರ್ಥಶಾಸ್ತ್ರದವರು ಹೇಳುವ ಜನಸಂಖ್ಯಾ ಲಾಭಾಂಶ. ಲಾಭಾಂಶ ಅಂದರೆ ಡಿವಿಡೆಂಡ್, ಸೊಸೈಟಿಯಲ್ಲಿ ಶೇರು ಇಟ್ಟವರಿಗೆ ವರ್ಷದ ಕೊನೆಗೆ ಕೊಡುತ್ತಾರಲ್ಲ, ಅದೇ. 1905ರಲ್ಲೇ ಸಹಕಾರಿ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಗದಗ ತಾಲ್ಲೂಕಿನಲ್ಲೇ ಇರೋದರಿಂದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೇರು ಇದೆ ಅಂದ ಮಾತ್ರಕ್ಕೆ ಡಿವಿಡೆಂಡ್ ಬರೋದಿಲ್ಲ. ಸಂಘ ಲಾಭದಲ್ಲಿ ನಡೆದರೆ ಬರುತ್ತದೆ. ಇಲ್ಲದಿದ್ದರೆ ಶೇರಿನ ಕಾಗದ ಟ್ರಂಕಿನಲ್ಲಿ ಇರುತ್ತದೆ ಅಷ್ಟೇ.

ಲಾಭದಲ್ಲಿ ನಡೆಸಿದವರು ಇದ್ದಾರೆ. ದಕ್ಷಿಣ ಕೊರಿಯಾದಲ್ಲಿ 1960ರಲ್ಲಿ ಒಬ್ಬ ಹೆಂಗಸಿಗೆ ಸುಮಾರು ಆರು ಮಕ್ಕಳು. 1980ರ ದಶಕದ ಮಧ್ಯದೊಳಗೆ ಎರಡಕ್ಕಿಂತ ಕೆಳಗೆ ಬಂತು. ಅದೇ ಹೊತ್ತಿಗೆ ಅವರು ಎಲ್ಲ ಮಕ್ಕಳನ್ನೂ ಶಾಲೆಗೆ ಸೇರಿಸಿದರು, ಬಟ್ಟೆ, ವಿಗ್ಗು, ಆಮೇಲೆ ರೇಡಿಯೋ, ಟಿವಿ ಮಾಡುವ ಕಾರ್ಖಾನೆ ಹಾಕಿದರು, ಆ ಕಾರ್ಖಾನೆಗಳಿಗೆ ಹಳ್ಳಿಯ ಹೆಣ್ಣುಮಕ್ಕಳನ್ನು ಸಾವಿರಗಟ್ಟಲೆ ತೆಗೆದುಕೊಂಡರು. ಬ್ಲೂಮ್ ಮತ್ತು ವಿಲಿಯಮ್ಸನ್ ಎಂಬ ಅರ್ಥಶಾಸ್ತ್ರಜ್ಞರು 1998ರಲ್ಲಿ ಲೆಕ್ಕ ಹಾಕಿ, 1965ರಿಂದ 1990ರವರೆಗಿನ ಪೂರ್ವ ಏಷ್ಯಾದ ಬೆಳವಣಿಗೆಯಲ್ಲಿ ಮೂರನೇ ಒಂದು ಪಾಲಿನವರೆಗೂ ಈ ವಯಸ್ಸಿನ ಲೆಕ್ಕದಿಂದಲೇ ಬಂದಿರಬಹುದು ಅಂದರು. ಲ್ಯಾಟಿನ್ ಅಮೆರಿಕದಲ್ಲೂ ಮಕ್ಕಳು ಕಡಿಮೆ ಆದರು, ದುಡಿಯುವ ವಯಸ್ಸಿನವರು ಹೆಚ್ಚಾದರು. ಅಲ್ಲಿ 1980ರ ದಶಕ ಪೂರ್ತಿ ಸಾಲದ ಬಿಕ್ಕಟ್ಟಿನಲ್ಲಿ ಹೋಯಿತು. ಶೇರು ಒಂದೇ, ಸಂಘ ಬೇರೆ.

ಇನ್ನು ನಿಮ್ಮ ಹೊಲ. ಆಳು ಸಿಗೋದಿಲ್ಲ ಅನ್ನೋದು ಈಗ ಎಲ್ಲ ಊರಿನ ಕಟ್ಟೆ ಮಾತು, ಜೊತೆಗೆ "ಈಗಿನವರಿಗೆ ಮೈ ಬಗ್ಗೋದಿಲ್ಲ" ಅನ್ನೋದೂ ಬರುತ್ತದೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನೀವೇ ಒಂದು ಲೆಕ್ಕ ಹಾಕಿ. ನಿಮ್ಮ ನಾಲ್ಕು ಎಕರೆಗೆ ವರ್ಷಕ್ಕೆ ಎಷ್ಟು ದಿನ ಆಳು ಬೇಕು? ಕಳೆ ತೆಗೆಯಲು ಒಂದಷ್ಟು ದಿನ, ತೆನೆ ಮುರಿಯಲು ಒಂದಷ್ಟು, ಹತ್ತಿ ಬಿಡಿಸಲು ಒಂದಷ್ಟು. ಬಿತ್ತೋದಕ್ಕೆ ಟ್ರ್ಯಾಕ್ಟರ್ ಇದೆ, ಗೋವಿನಜೋಳ ಬಿಡಿಸೋದಕ್ಕೆ ಮಷಿನ್ ಬರುತ್ತದೆ. ನಿಮಗೆ ಬೇಕಾದ ದಿನವೇ ಪಕ್ಕದ ಹೊಲದವನಿಗೂ ಬೇಕು, ಅದೇ ವಾರ ಬೀಜದ ಪ್ಲಾಟಿನವರಿಗೆ ಕ್ರಾಸಿಂಗ್‌ಗೂ, ಅಂದರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸೋದಕ್ಕೂ ಬೇಕು. ಉಳಿದ ಏಳೆಂಟು ತಿಂಗಳು ಯಾರಿಗೂ ಬೇಡ. ಹೊಟ್ಟೆ ಮಾತ್ರ 365 ದಿನವೂ ಇರುತ್ತದೆ. ಅದಕ್ಕೇ ಗಂಡಾಳು ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೋದ. ಅಲ್ಲಿ ತಿಂಗಳಿಗೆ 25 ದಿನ ಕೆಲಸ ಇದೆ. ನೀವು ಅವನ ಜಾಗದಲ್ಲಿ ಇದ್ದಿದ್ದರೆ ನೀವೂ ಹೋಗುತ್ತಿದ್ದಿರಿ, ನಾನೂ ಹೋಗುತ್ತಿದ್ದೆ.

2023-24ರ ಕಾರ್ಮಿಕ ಬಲದ ಸಮೀಕ್ಷೆಯಲ್ಲಿ ದೇಶದ ದುಡಿಯುವವರಲ್ಲಿ ನೂರಕ್ಕೆ 46 ಜನ ಇನ್ನೂ ಕೃಷಿಯಲ್ಲೇ ಇದ್ದಾರೆ. 2018-19ರಲ್ಲಿ ಅದು 42.5ಕ್ಕೆ ಇಳಿದಿತ್ತು, ಕೋವಿಡ್‌ನಲ್ಲಿ ಊರಿಗೆ ಬಂದವರಿಂದ ಏರಿದ್ದು ಪೂರ್ತಿ ಇಳಿಯಲೇ ಇಲ್ಲ. ಅಂದರೆ ಒಂದು ಕಡೆ ಹೊಲದಲ್ಲಿ ಜನ ಬೇಕಾದ್ದಕ್ಕಿಂತ ಜಾಸ್ತಿ, ಇನ್ನೊಂದು ಕಡೆ ಬೇಕಾದ ದಿನಕ್ಕೆ ಕೂಲಿಗೆ ಬರುವವರಿಲ್ಲ. ಎರಡೂ ನಿಜ. ತಮ್ಮ ತುಂಡು ಹೊಲದಲ್ಲಿ ಅರ್ಧ ದಿನದ ಕೆಲಸಕ್ಕೆ ನಾಲ್ಕು ಜನ ಇರುವ ಮನೆಗಳು ನಿಮ್ಮ ಓಣಿಯಲ್ಲೇ ಸಿಗುತ್ತವೆ.

ಮಗನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಬೇಸರ ಆಗಬಹುದು, ಮೊದಲೇ ಕ್ಷಮೆ ಇರಲಿ.

ಈಚೆಗೆ ಪರಿಚಯದ ಹುಡುಗನೊಬ್ಬನನ್ನು ನೋಡಲು ಧಾರವಾಡದ ಸಪ್ತಾಪುರದ ಒಂದು ರೀಡಿಂಗ್ ರೂಮಿಗೆ ಹೋಗಿದ್ದೆ. ಮೇಲಿನ ಮಹಡಿ, ತಗಡಿನ ಚಾವಣಿ, ಒಳಗೆ ಪ್ಲೈವುಡ್ಡಿನ ಗೂಡುಗಳ ಸಾಲು. ಒಂದೊಂದು ಗೂಡಿನಲ್ಲಿ ಒಂದೊಂದು ತಲೆ ಬಗ್ಗಿದೆ, ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವನ ಗೂಡಿನ ಗೋಡೆಗೆ ಕರ್ನಾಟಕದ ನಕ್ಷೆ, ಪಕ್ಕದಲ್ಲಿ ಬೆಳಗ್ಗೆ 5ಕ್ಕೆ ಶುರುವಾಗುವ ಟೈಮ್ ಟೇಬಲ್, ಕೆಳಗೆ ಊರಿಂದ ಬಂದ ಶೇಂಗಾ ಚಟ್ನಿಯ ಡಬ್ಬಿ. ಟೈಮ್ ಟೇಬಲ್ ಸುತ್ತ ಹಳೆಯ ಟೇಪಿನ ಗುರುತುಗಳು, ಹಿಂದಿನ ವರ್ಷಗಳ ಟೈಮ್ ಟೇಬಲ್ ಅಂಟಿಸಿ ಕಿತ್ತಿದ್ದು. ಎಷ್ಟನೇ ವರ್ಷ ಅಂತ ಕೇಳಿದೆ. "ಆರನೇದು ರೀ ಸರ್. ಒಂದು ಪರೀಕ್ಷಾ ಮುಂದ ಹೋತು, ಒಂದು ಎರಡು ಮಾರ್ಕ್ಸಿನ್ಯಾಗ ಹೋತು" ಅಂದ. ಊರಿಗೆ ಹೋಗೂದಿಲ್ಲೇನು ಅಂದರೆ, "ಹಬ್ಬಕ್ಕೂ ಹೋಗೂದಿಲ್ರಿ. ಹೋದ್ರ ಎಲ್ಲಾರೂ ಅದನ್ನ ಕೇಳ್ತಾರ" ಅಂದ. ನಾನು ಮುಂದೆ ಏನೂ ಕೇಳಲಿಲ್ಲ, ಇಬ್ಬರೂ ಕೆಳಗೆ ಬಂದು ಚಹಾ ಕುಡಿದೆವು.

ಆ ಹುಡುಗ ಸೋಮಾರಿ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ದಿನಕ್ಕೆ ಹನ್ನೆರಡು ಗಂಟೆ ಕೂರುವವನು ಸೋಮಾರಿ ಹೇಗಾಗುತ್ತಾನೆ? ಆದರೆ ಆ ಹನ್ನೆರಡು ಗಂಟೆಯಿಂದ ದೇಶಕ್ಕೆ ಒಂದು ಕಾಳೂ ಬೆಳೆಯೋದಿಲ್ಲ. ಲೆಕ್ಕದಲ್ಲಿ ಅವನು ದುಡಿಯುವ ವಯಸ್ಸಿನವನು. ಸಮೀಕ್ಷೆಯವರು ಬಂದಾಗ "ಓದುತ್ತಿದ್ದೇನೆ" ಅಂದರೆ ನಿರುದ್ಯೋಗಿ ಅಂತಲೂ ಬರೆದುಕೊಳ್ಳೋದಿಲ್ಲ, "ಕೆಲಸ ಹುಡುಕುತ್ತಿದ್ದೇನೆ" ಅಂದರೆ ಬರೆದುಕೊಳ್ಳುತ್ತಾರೆ. ಅದಕ್ಕೇ 2023-24ರಲ್ಲಿ ನಿರುದ್ಯೋಗ ನೂರಕ್ಕೆ 3.2 ಮಾತ್ರ ಅಂತ ಪೇಪರಿನಲ್ಲಿ ಓದಿ ನಿಮಗೆ ನಗು ಬರೋದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಜೊತೆ ಸೇರಿ ತಯಾರಿಸಿದ 2024ರ ಭಾರತದ ಉದ್ಯೋಗ ವರದಿ ನೋಡಿ. 2022ರಲ್ಲಿ ಓದು ಬರಹ ಬಾರದ ಯುವಕರಲ್ಲಿ ನಿರುದ್ಯೋಗ ನೂರಕ್ಕೆ 3.4, ಪದವಿ ಮುಗಿಸಿದವರಲ್ಲಿ 29.1. ಓದದವನಿಗೆ ಕಾಯುವ ಶಕ್ತಿ ಇಲ್ಲ, ಸಿಕ್ಕಿದ್ದು ಮಾಡುತ್ತಾನೆ. ಓದಿದವನನ್ನು ಅಪ್ಪ ಸಾಕುತ್ತಾನೆ, ಅವನು ಕಾಯುತ್ತಾನೆ. ನಿಮ್ಮ ಗೋವಿನಜೋಳದ ದುಡ್ಡೇ ಅವನ ಕಾಯುವ ಶಕ್ತಿ.

ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ನೇಮಕಾತಿಯನ್ನೇ ನೆನಪಿಸಿಕೊಳ್ಳಿ. 545 ಹುದ್ದೆಗೆ 2021ರ ಅಕ್ಟೋಬರಿನಲ್ಲಿ 54 ಸಾವಿರ ಜನ ಪರೀಕ್ಷೆ ಬರೆದರು. ಅಕ್ರಮ ಹೊರಬಿತ್ತು, 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಬರೆದವರಲ್ಲಿ ಅರ್ಧ ಜನ ಬೇರೇನೂ ಮಾಡದೆ ಆ ಎರಡು ವರ್ಷ ಕಾದರು ಅಂತಿಟ್ಟುಕೊಳ್ಳಿ. 27 ಸಾವಿರ ಜನ, ಎರಡೆರಡು ವರ್ಷ, 54 ಸಾವಿರ ವರ್ಷ ಆಯಿತು. ಅದಕ್ಕೇ ನಾನು ಹೇಳೋದು, ತಲೆ ಎಣಿಸೋದು ಬಿಟ್ಟು ವರ್ಷ ಎಣಿಸಿ ಅಂತ. ಒಬ್ಬ ಮನುಷ್ಯನಿಗೆ ದುಡಿಯುವ ವರ್ಷ ಸಿಗೋದೇ ನಲವತ್ತು. ಅದರಲ್ಲಿ ಏಳೆಂಟು ಗೂಡಿನೊಳಗೆ ಹೋದರೆ ಐದನೇ ಒಂದು ಪಾಲು ಹೋದ ಹಾಗೆ, ಅದೂ ಕೈ ಚುರುಕಾಗಿರುವ ವರ್ಷಗಳು.

ತಪ್ಪು ಹುಡುಗರದ್ದಲ್ಲ. ಹಳ್ಳಿಯಿಂದ ಬಂದ ಬಿ.ಎ. ಹುಡುಗನಿಗೆ ನಮ್ಮ ಕಡೆ ಬೇರೆ ಯಾವ ಬಾಗಿಲು ಇದೆ ಹೇಳಿ. ಧಾರವಾಡದ ಹತ್ತಿರದ ಬೇಲೂರಿನಲ್ಲಿ, ಹುಬ್ಬಳ್ಳಿಯ ಹತ್ತಿರದ ಗಾಮನಗಟ್ಟಿಯಲ್ಲಿ ಕಾರ್ಖಾನೆಗಳಿವೆ, ನಿಜ. ಅವರು ಕೇಳೋದು ಫಿಟ್ಟರ್, ಟರ್ನರ್, ವೆಲ್ಡರ್. ಬಿ.ಎ. ಅಂದರೆ ಕಾಂಟ್ರ್ಯಾಕ್ಟರ್ ಕಡೆಯಿಂದ ಪ್ಯಾಕಿಂಗ್‌ಗೆ ಹಾಕುತ್ತಾರೆ, ಆ ಸಂಬಳ ರೂಮ್ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. 2023-24ರ ಆರ್ಥಿಕ ಸಮೀಕ್ಷೆಯೇ ಹೇಳಿದೆ, 2030ರವರೆಗೆ ಪ್ರತಿ ವರ್ಷ ಕೃಷಿಯ ಹೊರಗೆ ಸುಮಾರು 78.5 ಲಕ್ಷ ಕೆಲಸ ಹುಟ್ಟಬೇಕು ಅಂತ. ಅಷ್ಟು ಹುಟ್ಟದಿದ್ದರೆ ಸಪ್ತಾಪುರದಲ್ಲಿ ಇನ್ನೊಂದಷ್ಟು ಮಹಡಿ ಏಳುತ್ತವೆ.

ಇನ್ನೊಂದು ಮಾತಿದೆ, ಟಿವಿಯಲ್ಲಿ ಇದನ್ನು ಹೇಳೋದು ಕಡಿಮೆ. ದೇಶದ ಗಡಿಯಾರ ಬೇರೆ, ನಮ್ಮ ಗಡಿಯಾರ ಬೇರೆ. 2018-19ರ ಆರ್ಥಿಕ ಸಮೀಕ್ಷೆ ಪ್ರಕಾರ ದೇಶದಲ್ಲಿ 20ರಿಂದ 59ರವರ ಪಾಲು ತುದಿ ಮುಟ್ಟೋದು 2041ರ ಸುಮಾರಿಗೆ. ಅದು ಬಿಹಾರ, ಉತ್ತರ ಪ್ರದೇಶ ಎಲ್ಲ ಸೇರಿಸಿದ ಲೆಕ್ಕ. ಬಿಹಾರದಲ್ಲಿ 2019-21ರ ಸಮೀಕ್ಷೆಯಲ್ಲೂ ಒಬ್ಬ ಹೆಂಗಸಿಗೆ ಮೂರು ಮಕ್ಕಳು. ಕರ್ನಾಟಕ 2005-06ರ ಸಮೀಕ್ಷೆಯಲ್ಲೇ 2.1ಕ್ಕೆ ಬಂದಿತ್ತು, ಅಂದರೆ ಅಪ್ಪ ಅವ್ವನ ಜಾಗಕ್ಕೆ ಇಬ್ಬರೇ ಮಕ್ಕಳು. ಆಗ ಹುಟ್ಟಿದವರಿಗೆ ಈಗ ಇಪ್ಪತ್ತರ ಆಸುಪಾಸು. ನಮ್ಮ ಬಸ್ಸಿಗೆ ಜ್ಯುಬಿಲಿ ಸರ್ಕಲ್ಲಿನ ಗುಂಪು ಹತ್ತಿ ಆಯಿತು. ಹುಬ್ಬಳ್ಳಿಯಲ್ಲಿ ಯಾವುದಾದರೂ ಕಟ್ಟಡ ಏಳುವ ಜಾಗಕ್ಕೆ ಹೋಗಿ ನೋಡಿ, ಟೈಲ್ಸ್ ಕೂರಿಸುವವರು, ಪಿಒಪಿ ಮಾಡುವವರು ಹಿಂದಿ ಮಾತಾಡುತ್ತಾರೆ. ಅವರ ಊರಿನ ಬಸ್ಸು ಈಗ ತುಂಬುತ್ತಿದೆ.

ನಮ್ಮ ಜಿಲ್ಲೆಗಳಿಗೆ ಇದರ ಮೇಲೆ ಇನ್ನೊಂದು ಪೆಟ್ಟು. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ನೂರಕ್ಕೆ 47 ಹೆಚ್ಚಿತು, ಧಾರವಾಡ ಜಿಲ್ಲೆಯದು 15, ಹಾವೇರಿಯದು 11, ಗದಗಿನದು ಹತ್ತೂ ಇಲ್ಲ. ಹುಟ್ಟಿಸಿ, ಸಾಕಿ, ಶಾಲೆ ಕಲಿಸಿದ ಖರ್ಚು ಹಾವೇರಿಯದು, ಇಪ್ಪತ್ತರಿಂದ ಐವತ್ತರವರೆಗಿನ ದುಡಿಮೆ ಬೆಂಗಳೂರಿನದು. ಮಗ ಫೋನ್‌ಪೇ ಮಾಡುತ್ತಾನೆ, ಇಲ್ಲ ಅನ್ನೋದಿಲ್ಲ. ಆದರೆ ಅವನು ಕಟ್ಟುವ ಬಾಡಿಗೆ, ಕುಡಿಯುವ ಚಹಾ, ಹೊಲಿಸುವ ಅಂಗಿ ಎಲ್ಲ ಅಲ್ಲಿಯ ಜನರಿಗೆ ಕೆಲಸ ಕೊಡುತ್ತದೆ, ಇಲ್ಲಿಯವರಿಗಲ್ಲ.

ಇಷ್ಟೆಲ್ಲ ಹೇಳಿ ಈಗ ನಿಮ್ಮ ಪತ್ರಕ್ಕೇ ವಾಪಸ್ ಬರುತ್ತೇನೆ. ಅದನ್ನು ಎರಡು ಸಲ ಓದಿದೆ. ಹೊಲ, ಆಳು, ಮಗನ ಓದು, ಮಗನ ವಯಸ್ಸು, ಮಗನ ನೌಕರಿ. ಕೊನೆಗೆ ಒಂದು ಸಾಲಿನಲ್ಲಿ ಮಗಳು. ಡಿಪ್ಲೊಮಾ ಮುಗಿಸಿದ್ದಾಳೆ, ಮನೆಯಲ್ಲಿದ್ದಾಳೆ, ಮದುವೆ ಮಾಡಬೇಕು. ಅವಳಿಗೆ ಯಾಕೆ ಕೆಲಸ ಸಿಕ್ಕಿಲ್ಲ ಅಂತ ನೀವು ಕೇಳಲೇ ಇಲ್ಲ ರೀ.

ನಿಮ್ಮನ್ನು ಬೈಯುತ್ತಿಲ್ಲ. ಇಡೀ ದೇಶದ ಲೆಕ್ಕ ತಪ್ಪುವುದು ಇಲ್ಲೇ. ನಮ್ಮಜ್ಜಿ ಒಂಬತ್ತು ಹೆತ್ತಳು, ನಾಲ್ಕು ಉಳಿದವು. ಹದಿನಾರಕ್ಕೆ ಶುರುವಾದ ಬಸಿರು ಬಾಣಂತನ ನಲವತ್ತಕ್ಕೆ ಮುಗಿಯಿತು. ಈಗ? ನಮ್ಮ ಕಡೆ ಎರಡನೇ ಮಗು ಆದ ಕೂಡಲೇ ಆಪರೇಷನ್. 2019-21ರ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡವರು, ಬಹಳಷ್ಟು ಜನ ಇಪ್ಪತ್ತೈದು ಇಪ್ಪತ್ತಾರಕ್ಕೇ. ಮೂವತ್ತೆರಡಾಗುವ ಹೊತ್ತಿಗೆ ಇಬ್ಬರು ಮಕ್ಕಳೂ ಶಾಲೆಯಲ್ಲಿ. ಅಜ್ಜಿಗೆ ಇಲ್ಲದ ಹದಿನೈದು ಇಪ್ಪತ್ತು ವರ್ಷ ಇವಳಿಗೆ ಸಿಕ್ಕಿತು. ಜನಸಂಖ್ಯಾ ಲಾಭಾಂಶದ ದೊಡ್ಡ ಗಂಟು ಇರೋದೇ ಈ ವರ್ಷಗಳಲ್ಲಿ. ಕೊರಿಯಾ ಅದನ್ನೇ ಬಿಚ್ಚಿದ್ದು.

ನಾವು ಕಟ್ಟೇ ಇಟ್ಟಿದ್ದೇವೆ. 2017-18ರಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 23 ಜನ ಮಾತ್ರ ದುಡಿಮೆಯ ಲೆಕ್ಕದಲ್ಲಿದ್ದರು, 2023-24ರಲ್ಲಿ 41.7. ಏರಿತಲ್ಲ ಅಂತ ಖುಷಿಪಡುವ ಮೊದಲು ಒಳಗೆ ನೋಡಿ. ಹಾಗೆ ಎಣಿಕೆಗೆ ಬಂದ ಹೆಂಗಸರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನ ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದ ಸಹಾಯಕರು. ಎಮ್ಮೆ ಮೇಯಿಸಿ ಹಾಲು ಹಾಕಿ ಬಂದರೂ ಡೇರಿಯ ಪಾಸ್‌ಬುಕ್ಕು ಗಂಡನ ಹೆಸರಿನಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಕೈಗೆ ದುಡ್ಡಾದರೂ ಬರುತ್ತದೆ, ಸೀಜನ್ ಇರುವಷ್ಟು ದಿನ. ಡಿಪ್ಲೊಮಾ ಓದಿದ ಹುಡುಗಿ ಅದಕ್ಕೂ ಹೋಗುವ ಹಾಗಿಲ್ಲ, ಮನೆಯವರ ಮರ್ಯಾದೆ ಹೋಗುತ್ತದೆ. ಕೂಲಿಗೆ ಜಾಸ್ತಿ ಓದಿದ್ದಾಳೆ, ನೌಕರಿಗೆ ಊರು ದೂರ. ಹಾಗಾಗಿ ಮನೆಯಲ್ಲಿ.

ನನಗೆ ಅನ್ನಿಸಿದ್ದು ಹೇಳುತ್ತೇನೆ, ಬಿಡೋದು ಹಿಡಿಯೋದು ನಿಮಗೆ ಬಿಟ್ಟಿದ್ದು. ಮಗನಿಗೆ ಒಂದು ತಾರೀಖು ಗೊತ್ತುಮಾಡಿ, ಅವನ ಜೊತೆ ಕೂತು, ಜಗಳ ಮಾಡದೆ. ಇನ್ನೊಂದು ವರ್ಷ ಅಂದರೆ ಒಂದೇ ವರ್ಷ. ಆ ವರ್ಷದಲ್ಲೂ ಓದಿನ ಜೊತೆ ಏನಾದರೂ ಕಲಿಯಲಿ, ಟ್ಯಾಲಿ ಆಗಲಿ, ಬೀಜದ ಕಂಪನಿಗಳಲ್ಲಿ ಹೊಲದ ಸೂಪರ್‌ವೈಸರ್ ಕೆಲಸ ಆಗಲಿ. ನಿಮ್ಮ ರಾಣೆಬೆನ್ನೂರು ಬೀಜದ ಊರು, ಹೊಲ ಗೊತ್ತಿರುವ ಪದವೀಧರ ಅವರಿಗೆ ಬೇಕಾಗುತ್ತಾನೆ. 28 ತಡ ಅಲ್ಲ. 33 ತಡ.

ಮಗಳಿಗೆ ಮದುವೆ ಮಾಡಿ, ಬೇಡ ಅಂತ ನಾನು ಹೇಳೋದಿಲ್ಲ. ಆದರೆ ಡಿಪ್ಲೊಮಾ ಮುಗಿಸಿದವರಿಗೆ ಒಂದು ವರ್ಷದ ಅಪ್ರೆಂಟಿಸ್ ತರಬೇತಿ ಇದೆ, ಸ್ಟೈಪೆಂಡ್ ಕೊಡುತ್ತಾರೆ, ಅವಳು ಓದಿದ ಪಾಲಿಟೆಕ್ನಿಕ್‌ನಲ್ಲೇ ಕೇಳಿದರೆ ಹೇಗೆ ಹೆಸರು ನೋಂದಾಯಿಸಬೇಕು ಅಂತ ಹೇಳುತ್ತಾರೆ. ಒಂದು ವರ್ಷ ಕೆಲಸ ಮಾಡಿದ ಕಾಗದ ಕೈಯಲ್ಲಿದ್ದರೆ ಮದುವೆಯಾಗಿ ಹುಬ್ಬಳ್ಳಿಗೆ ಹೋಗಲಿ, ದಾವಣಗೆರೆಗೆ ಹೋಗಲಿ, ಅಲ್ಲಿ ಮತ್ತೆ ಕೇಳುವ ಧೈರ್ಯ ಇರುತ್ತದೆ. ಬಸ್ ಚಾರ್ಜ್ ಅಂತ ನೆವ ಹೇಳುವ ಹಾಗೂ ಇಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ. ವರ ನೋಡುವಾಗ ಹೊಲ ಎಷ್ಟು, ನೌಕರಿ ಏನು ಅಂತ ಕೇಳುತ್ತೀರಿ, ಅದರ ಜೊತೆ ನಮ್ಮ ಹುಡುಗಿ ಕೆಲಸಕ್ಕೆ ಹೋಗುತ್ತಾಳೆ, ನಡೆಯುತ್ತದಾ ಅಂತಲೂ ಕೇಳಿ.

ಮತ್ತೆ ಬರೆಯಿರಿ. ಬರೆಯುವಾಗ ಅವಳ ಡಿಪ್ಲೊಮಾ ಯಾವ ಬ್ರಾಂಚು ಅಂತ ತಿಳಿಸಿ. ನೀವೇ ಬರೆಯಬೇಕು ಅಂತ ಇಲ್ಲ, ಅವಳ ಕೈಯಿಂದಲೇ ಬರೆಸಿದರೂ ಆಯಿತು.